ಅಳೆದು ಕಲಿಯುವ ಆಕಾಶ

ಹದಡಿಯ ಈ ಖಗೋಳ ಪ್ರದರ್ಶನವನ್ನು ಉದ್ಘಾಟಿಸುತ್ತಾ ಒಂದೇ ಮಾತನ್ನು ಒತ್ತಿ ಹೇಳಬಯಸುತ್ತೇನೆ. ವಿಜ್ಞಾನ ಕಲಿಸುವ ವಿಶ್ವವಿದ್ಯಾನಿಲಯಕ್ಕೆ ಗ್ರಂಥಾಲಯ ಎಷ್ಟು ಅಗತ್ಯವೋ, ವಿದ್ಯಾರ್ಥಿಗಳೇ ನಡೆಸುವ ವೀಕ್ಷಣಾಲಯವೂ ಅಷ್ಟೇ ಅಗತ್ಯ. 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾನಿಲಯ ಹತ್ತಿರದ ತೋಳಹುಣಸೆಯಲ್ಲೇ ಇರುವುದರಿಂದ ಈ ಮಾತು ನಮ್ಮ ಮಕ್ಕಳ ಓದಿಗೆ ಸೇರಿದ್ದು.

ಆಕಾಶ ನಮಗೆ ಹೊಸದಲ್ಲ. ಇಲ್ಲಿನ ರೈತರು ಮಳೆಯನ್ನು ಲೆಕ್ಕ ಹಾಕುವುದೇ ನಕ್ಷತ್ರಗಳಿಂದ. ಮೇ ಕೊನೆಯಲ್ಲಿ ಸೂರ್ಯ ರೋಹಿಣಿಯ ನೇರಕ್ಕೆ ಬಂದಾಗ ಬೀಳುವುದು ರೋಹಿಣಿ ಮಳೆ. ಆಗ ಆ ನಕ್ಷತ್ರ ಹಗಲಿನ ಬೆಳಕಿನಲ್ಲಿ ಮರೆಯಾಗಿರುತ್ತದೆ; ಜನವರಿಯಲ್ಲಿ ರಾತ್ರಿ ಒಂಬತ್ತು-ಹತ್ತರ ಸುಮಾರಿಗೆ ಅದೇ ಕೆಂಚುಕ್ಕೆ ಹದಡಿಯ ನೆತ್ತಿಯ ಮೇಲೆಯೇ ಬಂದು ನಿಲ್ಲುತ್ತದೆ. ಕೋನಮಾಪಕಕ್ಕೆ ದಾರ ಕಟ್ಟಿ, ತುದಿಗೊಂದು ಕಲ್ಲು ತೂಗಿಬಿಟ್ಟು ಧ್ರುವ ನಕ್ಷತ್ರದ ಎತ್ತರ ಅಳೆದರೆ ಸುಮಾರು 14 ಡಿಗ್ರಿ ಸಿಗುತ್ತದೆ. ಅದೇ ನಮ್ಮೂರಿನ ಅಕ್ಷಾಂಶ. ನಕ್ಷತ್ರದ ಹೆಸರು ಬಲ್ಲವರು ಅದನ್ನು ಅಳೆಯಲೂ ಕಲಿತಾಗ ತಿಳಿವಳಿಕೆ ವಿಜ್ಞಾನವಾಗುತ್ತದೆ.

ಕಾವಲೂರಿನ ವೀಕ್ಷಣಾಲಯದಲ್ಲಿ 2.34 ಮೀಟರಿನ ದೂರದರ್ಶಕವಿದೆ, ಲಡಾಖಿನ ಹಾನ್ಲೆಯಲ್ಲಿರುವುದನ್ನು ಹೊಸಕೋಟೆಯಿಂದಲೇ ನಡೆಸುತ್ತಾರೆ, ಚಿಕ್ಕದೊಂದರಿಂದ ಏನಾದೀತು ಎಂದು ಕೇಳುವವರಿದ್ದಾರೆ. ದೊಡ್ಡ ದೂರದರ್ಶಕದ ಸಮಯ ಸಂಶೋಧಕರಿಗೆ ಹಂಚಿಕೆಯಾಗುತ್ತದೆ; ಮೊದಲ ವರ್ಷದ ವಿದ್ಯಾರ್ಥಿ ತಪ್ಪು ಮಾಡಿ ತಿದ್ದಿಕೊಳ್ಳಲು ಅಲ್ಲಿ ಜಾಗವಿಲ್ಲ. ಚಿಕ್ಕದರಿಂದಲೂ ಏನಾದೀತು ಎಂಬುದಕ್ಕೆ ಒಂದು ಉದಾಹರಣೆ ನೋಡಿ. ಗುರು ಗ್ರಹದ ಉಪಗ್ರಹ ಅಯೋ ಒಂದು ಸುತ್ತು ಹಾಕಲು ಸುಮಾರು 42 ಗಂಟೆ 30 ನಿಮಿಷ ಬೇಕು. ಅದರ ಗ್ರಹಣಗಳ ಹೊತ್ತನ್ನು ಗುರುತಿಸುತ್ತಲೇ 1676ರಲ್ಲಿ ಖಗೋಳ ವಿಜ್ಞಾನಿ ಓಲೆ ರೋಮರ್ ಬೆಳಕಿಗೂ ವೇಗದ ಮಿತಿಯಿದೆ ಎಂದು ತೋರಿಸಿಕೊಟ್ಟರು. ಅಯೋದಂಥ ಉಪಗ್ರಹಗಳ ಚಲನೆಯನ್ನು ಕೆಲವು ರಾತ್ರಿ ಗುರುತು ಹಾಕಿಕೊಂಡರೆ ನಮ್ಮ ವಿದ್ಯಾರ್ಥಿಗಳು ಗುರುವಿನ ದ್ರವ್ಯರಾಶಿಯನ್ನೇ ಲೆಕ್ಕ ಹಾಕಬಹುದು. ಹಾರ್ವರ್ಡ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ, 1949ರಲ್ಲಿ, ಖಗೋಳ ವಿಜ್ಞಾನಿ ವೈನು ಬಾಪು ಛಾಯಾಫಲಕವೊಂದರಲ್ಲಿ ಹೊಸ ಧೂಮಕೇತುವನ್ನು ಗುರುತಿಸಿದರು. ಮುಂದೆ ಕಾವಲೂರಿನ ವೀಕ್ಷಣಾಲಯವನ್ನೂ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನೂ ಕಟ್ಟಿದವರು ಅವರೇ. ದೊಡ್ಡ ಸಂಸ್ಥೆಗಳ ಬೇರು ವಿದ್ಯಾರ್ಥಿ ದೆಸೆಯ ಅಭ್ಯಾಸದಲ್ಲಿರುತ್ತದೆ.

ಮೊಬೈಲಿನಲ್ಲೇ ಸೊಗಸಾದ ಚಿತ್ರಗಳು ಸಿಗುತ್ತವಲ್ಲ ಎನ್ನಬಹುದು. ಸಿದ್ಧ ಚಿತ್ರ ಬೆರಗು ಹುಟ್ಟಿಸುತ್ತದೆ, ನಿಜ. ಆದರೆ ಅಳತೆಯಲ್ಲಿ ತಪ್ಪು ಎಲ್ಲಿ ನುಸುಳುತ್ತದೆ, ಎಷ್ಟರ ಮಟ್ಟಿಗೆ ಅದನ್ನು ನಂಬಬಹುದು ಎಂಬುದನ್ನು ಕಲಿಸುವುದಿಲ್ಲ. ಮಳೆಗಾಲದ ಮೋಡ, ದಾವಣಗೆರೆ-ಹರಿಹರದ ದೀಪಗಳ ಬೆಳಕು ಅಡ್ಡಿಯೇ ಸರಿ. ಮೋಡದ ತಿಂಗಳುಗಳಲ್ಲಿ ಹಿಂದಿನ ರಾತ್ರಿಗಳ ಅಳತೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಚಂದ್ರ, ಗುರು, ಶನಿಗಳಂತೂ ನಗರದ ಬೆಳಕಿನಲ್ಲೂ ಕಾಣುತ್ತವೆ. ಖರ್ಚಿನ ಪ್ರಶ್ನೆಯೂ ಇದೆ. ಸಾಧಾರಣ ದೂರದರ್ಶಕ ಸಾಕು. ಅದು ಬೀಗ ಹಾಕಿದ ಕೋಣೆಯಲ್ಲಿ ಧೂಳು ಹಿಡಿಯದಂತೆ ನೋಡಿಕೊಳ್ಳುವುದೇ ಮುಖ್ಯ.

ವಿಶ್ವವಿದ್ಯಾನಿಲಯಗಳ ಆಡಳಿತಗಾರರಲ್ಲಿ ನನ್ನ ವಿನಂತಿ: ವೀಕ್ಷಣಾಲಯದ ಕೀಲಿಕೈಯನ್ನು ವಿದ್ಯಾರ್ಥಿಗಳಿಗೆ ಒಪ್ಪಿಸಿ, ಅವರ ವೀಕ್ಷಣೆಗೆ ಅಂಕ ಕೊಡಿ, ತಿಂಗಳಿಗೊಂದು ಸಂಜೆ ಸುತ್ತಲಿನ ಹಳ್ಳಿಯವರಿಗೂ ಬಾಗಿಲು ತೆರೆಯಿರಿ. ವಿದ್ಯಾರ್ಥಿಗಳೇ, ನೀವು ಕಂಡದ್ದನ್ನು ದಿನಾಂಕ, ಸಮಯ ಸಹಿತ ಬರೆದಿಡಿ. ಈ ಪ್ರದರ್ಶನ ಉದ್ಘಾಟನೆಗೊಂಡಿದೆ ಎಂದು ಸಂತೋಷದಿಂದ ಘೋಷಿಸುತ್ತೇನೆ.