ಊರ ಕಾವಲು



ಹೊಲಕ್ಕೆ ಬೇಲಿ ಬೇಕು, ನಿಜ. ಬೇಲಿ ಹಾಕಿದೆನೆಂದು ಒಕ್ಕಲಿಗ ಹೊಲದ ಕಡೆ ಹೋಗುವುದನ್ನೇ ಬಿಟ್ಟರೆ ಬೆಳೆ ಉಳಿದೀತೆ? ಪೊಲೀಸ್ ಠಾಣೆಯೂ ಊರಿಗೆ ಅಂಥದೊಂದು ಬೇಲಿ. ಅದು ಇದೆಯೆಂದು ನಾವೆಲ್ಲ ಮಲಗಿಬಿಟ್ಟರೆ ಊರು ಉಳಿಯುವುದಿಲ್ಲ.

ಹಿಂದೆ ಹಳ್ಳಿಗಳಲ್ಲಿ ತಳವಾರರಿದ್ದರು. ರಾತ್ರಿ ಊರು ಸುತ್ತುತ್ತಿದ್ದರು. ಹೊಸಬರು ಬಂದರೆ ವಿಚಾರಿಸುತ್ತಿದ್ದರು. ಊರೆಲ್ಲ ಅವರಿಗೆ ಸುದ್ದಿ ಮುಟ್ಟಿಸುತ್ತಿತ್ತು. ಅದೇ ಅವರ ಬಲ. ಮುಂದೆ 1964ರಲ್ಲಿ ರಾಜ್ಯದಲ್ಲಿ ಗ್ರಾಮ ರಕ್ಷಣಾ ದಳಗಳ ಕಾಯಿದೆ ಬಂತು. 2017ರಲ್ಲಿ ಬೀಟ್ ವ್ಯವಸ್ಥೆಯನ್ನು ಸುಧಾರಿಸಿ, ಒಂದೊಂದು ಪ್ರದೇಶಕ್ಕೆ ಒಬ್ಬೊಬ್ಬ ಪೊಲೀಸರನ್ನು ಹೊಣೆ ಮಾಡಿ, ಊರವರನ್ನೂ ಅದರಲ್ಲಿ ಸೇರಿಸಿಕೊಂಡರು. 2025ರಲ್ಲಿ ‘ಮನೆ ಮನೆಗೆ ಪೊಲೀಸ್’ ಕಾರ್ಯಕ್ರಮ ಆರಂಭವಾಯಿತು. ಪೊಲೀಸರು ಬಾಗಿಲಿಗೆ ಬಂದರೆ ಸಾಲದು. ಕಂಡದ್ದನ್ನು ಕಂಡಂತೆ ಹೇಳುವ ಧೈರ್ಯ ನಮ್ಮಲ್ಲಿರಬೇಕು.

ಆದರೆ ಕಾವಲು ಕಾಯುವವನಿಗೆ ವಿವೇಕ ತಪ್ಪಬಾರದು. 2018ರ ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ ಏನಾಯಿತು? ಹೈದರಾಬಾದಿನಿಂದ ಬಂದವರು ಮಕ್ಕಳಿಗೆ ಚಾಕಲೇಟು ಕೊಟ್ಟರು. ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿ ವಾಟ್ಸಾಪಿನಲ್ಲಿ ಹಬ್ಬಿತು. ಜನ ಮುಗಿಬಿದ್ದರು. ಒಬ್ಬ ತರುಣ ಪ್ರಾಣ ಬಿಟ್ಟ. ಬಿಡಿಸಹೋದ ಪೊಲೀಸರಿಗೂ ಪೆಟ್ಟಾಯಿತು. ಕಳ್ಳರನ್ನು ಹಿಡಿಯುತ್ತೇವೆಂದು ಹೊರಟವರು ಕೊಲೆಯ ಪಾಪ ಹೊತ್ತರು. ಬಸವಣ್ಣನವರು ನಡೆದಾಡಿದ ಕಲ್ಯಾಣ ಇರುವುದೂ ಅದೇ ಜಿಲ್ಲೆಯಲ್ಲಿ! ಬಂದವರನ್ನು ಯಾರೆಂದು ವಿಚಾರಿಸುವುದು ಕಾವಲು. ವಿಚಾರಿಸದೆ ಕೈಯೆತ್ತುವುದು ಅಪರಾಧ.

ಹಾಗಾದರೆ ಮಾಡಬೇಕಾದುದೇನು? ಸಂಶಯ ಬಂದರೆ 112ಕ್ಕೆ ಫೋನು ಮಾಡಿರಿ. ಮಗು ಕಷ್ಟದಲ್ಲಿದ್ದರೆ 1098ಕ್ಕೆ ತಿಳಿಸಿರಿ. ಫೋನಿನ ಮೋಸದಲ್ಲಿ ಹಣ ಹೋದರೆ ತಡಮಾಡದೆ 1930ಕ್ಕೆ ಹೇಳಿರಿ. ನಾಚಿಕೆಯಿಂದ ಮುಚ್ಚಿಟ್ಟಷ್ಟೂ ಕಳ್ಳನಿಗೇ ಅನುಕೂಲ. ಪರಊರಿಗೆ ಹೋಗುವಾಗ ನೆರೆಮನೆಗೂ ಬೀಟಿನ ಪೊಲೀಸರಿಗೂ ತಿಳಿಸಿ ಹೋಗಿರಿ. ಸಾಕ್ಷಿ ಹೇಳುವ ಪ್ರಸಂಗ ಬಂದರೆ ಹಿಂಜರಿಯಬೇಡಿರಿ.

ಇನ್ನೊಂದು ಮಾತು. ಶಾಲೆ ಬಿಟ್ಟು ಕಟ್ಟೆಯ ಮೇಲೆ ಹೊತ್ತು ಕಳೆಯುವ ಹುಡುಗ ಯಾರ ಮಗನೇ ಆಗಿರಲಿ, ಅವನನ್ನು ಕರೆದು ಮಾತನಾಡಿಸಿರಿ, ಒಂದು ಕಾಯಕಕ್ಕೆ ಹಚ್ಚಿರಿ. ನಾಳೆ ಅವನ ಕೈಗೆ ಬೇಡಿ ಬಿದ್ದ ಮೇಲೆ ಮರುಗಿ ಫಲವೇನು? ನಮ್ಮವನೆಂದು ತಪ್ಪನ್ನು ಮುಚ್ಚಬೇಡಿರಿ. ಹೊರಗಿನವನೆಂದು ಇಲ್ಲದ ತಪ್ಪನ್ನು ಹೊರಿಸಬೇಡಿರಿ. ಇವೆರಡನ್ನು ಪಾಲಿಸಿದ ಊರಿನಲ್ಲಿ ಮನೆಯವರೂ ನೆಮ್ಮದಿಯಿಂದ ಮಲಗುವರು, ದಾರಿಹೋಕರೂ ನಿರ್ಭಯರಾಗಿ ನಡೆಯುವರು. ನಿಮ್ಮ ಊರು ಅಂಥ ಊರಾಗಲೆಂದು ನಾವು ಹಾರೈಸುತ್ತೇವೆ.