ಸೋತ ಮರುದಿನದ ಆಟ

ಇವತ್ತು ಒಂದು ಚೆಸ್ ಮ್ಯಾಚ್ ಬಗ್ಗೆ ಮಾತಾಡ್ತೀನಿ. ಚೆಸ್ ಬರದವರೂ ಕೇಳಬಹುದು, ಯಾಕಂದ್ರೆ ಇದು ಸೋಲಿನ ವಿಷಯ.

2013ರ ನವೆಂಬರ್. ನಾನು ನೋಯ್ಡಾದಲ್ಲಿ ಕೆಲಸಕ್ಕಿದ್ದೆ. ಆ ಸಲದ ಅಪ್ರೈಸಲ್‌ನಲ್ಲಿ ಇಡೀ ಟೀಮಿಗೇ ಕೆಳಗಿನ ರೇಟಿಂಗ್ ನನ್ನದು. ಮನೇಲಿ ಹೇಳಿರ್ಲಿಲ್ಲ. ಅಷ್ಟರಲ್ಲಿ ತುಮಕೂರಿಂದ ಅಪ್ಪ ಬಂದ್ರು, ಕಾಶಿ ನೋಡ್ಬೇಕು ಅಂದ್ರು. ಒಂದು ವಾರ ರಜೆ ಹಾಕಿ ಕರ್ಕೊಂಡು ಹೋದೆ. ಜಂಗಮವಾಡಿ ಮಠದಲ್ಲಿ ಉಳ್ಕೊಂಡ್ವಿ.

ಅದೇ ಹೊತ್ತಿಗೆ ಚೆನ್ನೈನಲ್ಲಿ ವಿಶ್ವನಾಥನ್ ಆನಂದ್ ವಿಶ್ವ ಚಾಂಪಿಯನ್ ಪಟ್ಟ ಉಳಿಸಿಕೊಳ್ಳಲು ಮ್ಯಾಗ್ನಸ್ ಕಾರ್ಲ್‌ಸನ್ ಎದುರು ಆಡುತ್ತಿದ್ದರು. ಬೆಳೆದ ಊರು. ಇವರಿಗೆ 43, ಅವನಿಗೆ 22. ಒಟ್ಟು 12 ಆಟ. ಮೊದಲ ನಾಲ್ಕು ಡ್ರಾ, ಐದು ಮತ್ತು ಆರು ಆನಂದ್‌ಗೆ ಸೋಲು. 17ನೇ ತಾರೀಕು ಆಟಕ್ಕೆ ವಿರಾಮ. ನಾವು ಕಾಶಿಗೆ ಬಂದಿಳಿದ ದಿನ ಅದು. ಅವತ್ತು ದೇವ್ ದೀಪಾವಳಿ, ಘಾಟ್ ತುಂಬಾ ಹಣತೆ. ನನಗೆ ಚೆಸ್ ಕಲಿಸಿದ ಅಪ್ಪನ ಯೋಚನೆ ಮಾತ್ರ ಏಳನೇ ಆಟದ್ದು.

21ಕ್ಕೆ ಒಂಬತ್ತನೇ ಆಟ. ಆನಂದ್ ಗೆಲ್ಲಲೇಬೇಕಿತ್ತು, ದಾಳಿಗೇ ಇಳಿದ್ರು. ನಾವು ದಶಾಶ್ವಮೇಧ ಘಾಟಿನ ಮೆಟ್ಟಿಲ ಮೇಲೆ ಕೂತು ಫೋನಲ್ಲಿ ನಡೆ ನೋಡ್ತಿದ್ವಿ. ಕಾರ್ಲ್‌ಸನ್‌ನ ಪದಾತಿ ಕೊನೇ ಮನೆ ಮುಟ್ಟಿ, ರಾಣಿಯಾಗಿ ಚೆಕ್ ಕೊಡ್ತು. ಒಂಟೆ ಅಡ್ಡ ಇಟ್ಟಿದ್ರೆ ಆಟ ಮುಂದುವರೀತಿತ್ತು. 28ನೇ ನಡೆಗೆ ಆನಂದ್ ಕುದುರೆ ಇಟ್ರು. ಕಾರ್ಲ್‌ಸನ್ ಉತ್ತರಿಸಿದ ಕೂಡಲೇ ಸೋಲೊಪ್ಪಿದ್ರು.

"ಮುಗೀತು ಅಪ್ಪಾ, ಒಂದೂ ಗೆದ್ದಿಲ್ಲ" ಅಂದೆ. ಆ ಮಾತಿನ ಜೊತೆಗೇ ನನ್ನ ರೇಟಿಂಗ್ ವಿಷಯವೂ ಬಾಯಿಗೆ ಬಂತು.

ಅಪ್ಪ ಸ್ವಲ್ಪ ಹೊತ್ತು ಗಂಗೆ ನೋಡ್ತಾ ಕೂತ್ರು. "ನಾಳೆ ಆಟ ಇದ್ಯೇನೋ?"

"ಇದೆ. ಆದ್ರೆ ಅವನಿಗೆ ಅರ್ಧ ಪಾಯಿಂಟ್ ಸಾಕು."

"ಆದ್ರೂ ಇವ್ರು ಬಂದು ಕೂತ್ಕೋತಾರಲ್ವಾ. ಅದನ್ನ ನೋಡೋಣ."

ನೋಡಿದ್ವಿ. 65 ನಡೆ ಆಡಿ ಡ್ರಾ. ಕಾರ್ಲ್‌ಸನ್ 6½, ಆನಂದ್ 3½. ಮೂರು ಸೋಲು, ಗೆಲುವು ಸೊನ್ನೆ.

ನಾಲ್ಕು ತಿಂಗಳಿಗೆ ಖಾಂಟಿ-ಮಾನ್ಸಿಸ್ಕ್‌ನಲ್ಲಿ ಕ್ಯಾಂಡಿಡೇಟ್ಸ್ ಟೂರ್ನಿ. ಆನಂದ್ 14 ಆಟಗಳಲ್ಲಿ ಒಂದೂ ಸೋಲದೆ ಗೆದ್ದು ಮತ್ತೆ ಕಾರ್ಲ್‌ಸನ್ ಎದುರು ಕೂತರು. 2014ರ ನವೆಂಬರ್, ಸೋಚಿ. ಮತ್ತೆ ಸೋತರು, 6½–4½. ಆದರೆ ಈ ಸಲ ಮೂರನೇ ಆಟ ಗೆದ್ದಿದ್ರು.

ಚೆನ್ನೈ ಸ್ಕೋರು ಸುಳ್ಳಲ್ಲ. ಅದು ಆ ಎರಡು ವಾರದ ಲೆಕ್ಕ, ಅಷ್ಟೇ.

ಸೋಮವಾರ ಆಫೀಸಿಗೆ ಹೋದೆ. ಎಲ್ಲಿ ತಪ್ಪಿದೆ ಅಂತ ಮ್ಯಾನೇಜರನ್ನ ಕೇಳಿದೆ. ಹಾಗೆ ಕೇಳಿದ್ದು ಅದೇ ಮೊದಲು.