ತೆರೆಗೆ ಮುಖ ಕೊಡು



ಸುವರ್ಣ ಮಹೋತ್ಸವ ಸಮಿತಿಯವರು ಫೋನ್ ಮಾಡಿ, ‘ಮಕ್ಕಳಿಗೆ ಸಾಫ್ಟ್‌ವೇರ್ ಬಗ್ಗೆ ನಾಲ್ಕು ಮಾತು ಹೇಳು’ ಎಂದರು. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ದೋಣಿಯ ಬಗ್ಗೆ ಹೇಳುತ್ತೇನೆ, ಬೇಸರಪಡಬೇಡಿ.

ಕೆಲಸದ ಮೇಲೆ ಎರಡು ವರ್ಷ ಅಮೆರಿಕದಲ್ಲಿದ್ದಾಗ, 2019ರ ಜುಲೈನಲ್ಲಿ ಅಲಾಸ್ಕಕ್ಕೆ ಹೋಗಿದ್ದೆ. ಆಂಕರೇಜ್‌ನಿಂದ ರಸ್ತೆಯಲ್ಲಿ ಸುಮಾರು 200 ಕಿ.ಮೀ. ಹೋದರೆ ಸೀವರ್ಡ್ ಎಂಬ ಬಂದರು. ಅದರ ಪಕ್ಕದ ಬೆಟ್ಟಗಳ ನೆತ್ತಿಯಲ್ಲಿ ಹಾರ್ಡಿಂಗ್ ಎಂಬ ದೊಡ್ಡ ಹಿಮಬಯಲು. ಅದರಿಂದ ಸುಮಾರು 40 ಹಿಮನದಿಗಳು ಇಳಿಯುತ್ತವೆ, ಕೆಲವು ನೇರ ಸಮುದ್ರಕ್ಕೇ. ಎಂಟನೆಯ ತರಗತಿಯಲ್ಲಿ ನಮ್ಮ ಸಮಾಜದ ಮಾಸ್ತರು ಹಲಗೆಯ ಮೇಲೆ ‘ಯು’ ಆಕಾರದ ಕಣಿವೆ ಬರೆದು, ಇದನ್ನು ಕೊರೆದದ್ದು ಮಂಜುಗಡ್ಡೆ ಎಂದಾಗ ನಾನು ನಂಬಿರಲಿಲ್ಲ. ಆ ಕಣಿವೆಗೆ ಸಮುದ್ರ ನುಗ್ಗಿದರೆ ಅದೇ ಫಿಯೋರ್ಡ್. ಮಾಸ್ತರೇ, ನೀವು ಬರೆದ ಚಿತ್ರ ಸರಿಯಾಗಿತ್ತು.

ಅಲ್ಲಿ ಐಯಾಲಿಕ್ ಹಿಮನದಿಯ ಎದುರು ಕಯಾಕ್ ನಡೆಸಲು ಎಂಟು ಜನರ ತಂಡ. ಕಯಾಕ್ ಎಂದರೆ ಹೆಚ್ಚುಕಡಿಮೆ ನಮ್ಮ ಪಾತಿದೋಣಿಯೇ. ನಮ್ಮವರು ಮರ ಕೊರೆದು ಮಾಡಿದರು. ಮರ ಸಿಗದ ಉತ್ತರದ ಜನ ತೇಲಿಬಂದ ಕಟ್ಟಿಗೆಯ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮ ಹೊಲಿದು ಮಾಡಿದರು. ಈಗಿನದು ಪ್ಲಾಸ್ಟಿಕ್.

ಕರೆದುಕೊಂಡು ಹೋಗುವ ಗೈಡ್ ಇಪ್ಪತ್ತೈದು ದಾಟದ ಹುಡುಗಿ. ಎಲ್ಲರಿಗೂ ಲೈಫ್ ಜಾಕೆಟ್ ಕೊಟ್ಟಳು. ನಾನು ಮೀನುಗಾರರ ಮನೆಯವನು, ಅಳ್ವೆಕೋಡಿಯ ನೀರು ಕುಡಿದೇ ಬೆಳೆದವನು ಎಂಬ ಜಂಬದಲ್ಲಿ ಪಟ್ಟಿಯನ್ನು ಸಡಿಲ ಬಿಟ್ಟಿದ್ದೆ. ಅವಳು ಬಂದು ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದಳು. ಜಾಕೆಟ್ ಕಿವಿಯವರೆಗೆ ಬಂತು. ಎಲ್ಲರೂ ನಕ್ಕರು. ‘ನನಗೆ ಈಜು ಬರುತ್ತದೆ’ ಎಂದೆ. ‘ನಿನಗೆ ಬರುತ್ತದೆ, ನಿನ್ನ ಕೈಗೆ ಬರುತ್ತದೆಯೇ?’ ಎಂದು ಕೇಳಿದಳು. ಅಲ್ಲಿನ ನೀರು ಬೇಸಿಗೆಯಲ್ಲೂ ಹತ್ತು ಡಿಗ್ರಿಯ ಆಸುಪಾಸು. ಬಿದ್ದ ಮೊದಲ ನಿಮಿಷ ಉಸಿರು ಕಟ್ಟಿದಂತಾಗಿ ಬಾಯಿಗೆ ನೀರು ಹೋಗುತ್ತದೆ. ಸುಮಾರು ಹತ್ತು ನಿಮಿಷದಲ್ಲಿ ಕೈಕಾಲು ಹೇಳಿದ ಮಾತು ಕೇಳುವುದಿಲ್ಲ. ಆಮೇಲೆ ಈಜುಗಾರನೂ ಒಂದೇ, ಈಜು ಬಾರದವನೂ ಒಂದೇ.

ಹಿಮನದಿ ನೀಲಿ ಗೋಡೆಯ ಹಾಗೆ ನಿಂತಿತ್ತು. ನೀರಿನಲ್ಲಿ ತೇಲುವ ಮಂಜಿನ ಚೂರುಗಳಿಂದ ಒಗ್ಗರಣೆ ಸಿಡಿದಂತೆ ಚಟಪಟ ಶಬ್ದ. ಎಷ್ಟೋ ಕಾಲದಿಂದ ಒಳಗೆ ಸಿಕ್ಕಿಕೊಂಡ ಗಾಳಿ ಹೊರಬರುವ ಸದ್ದಂತೆ. ಸುಮಾರು 800 ಮೀಟರ್ ದೂರದಲ್ಲೇ ಅವಳು ನಮ್ಮನ್ನು ನಿಲ್ಲಿಸಿದಳು. ಇಷ್ಟು ದೂರ ಬಂದು ಹತ್ತಿರ ಹೋಗಬಾರದೇ ಎಂದು ನನಗೆ ಸಿಟ್ಟು. ಆಗ ಗೋಡೆಯ ಒಂದು ಭಾಗ ಕಳಚಿ ಬಿತ್ತು. ಮೊದಲು ಕಂಡಿತು, ಒಂದು, ಎರಡು ಎಣಿಸಿದ ಮೇಲೆ ಗುಡುಗು ಕೇಳಿತು. ಹಿಂದೆಯೇ ತೆರೆ. ಅವಳು ಕೂಗಿದ್ದು ಇಂಗ್ಲಿಷಿನಲ್ಲಿ, ನನಗೆ ಕೇಳಿದ್ದು ಅಪ್ಪನ ಧ್ವನಿ: ‘ತೆರಿಗೆ ಮುಖ ಕೊಡು ತಮಾ, ಮಗ್ಗಲು ಕೊಡೂದಲ್ಲ!’ ಅಳಿವೆ ದಾಟುವಾಗ ಅಪ್ಪ ಹೇಳುತ್ತಿದ್ದದ್ದು ಅದೇ. ತಿರುಗಿಸಿದೆ. ದೋಣಿ ಎದ್ದು ಇಳಿಯಿತು, ಅಷ್ಟೇ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಹಿಮನದಿಯಿಂದಲ್ಲ. ಈ ಶಾಲೆಯಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತಿದ್ದ ಗೆಳೆಯ ನೆನಪಾದ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ; ಆಗ ನಾಡದೋಣಿಯವರದೇ ದುಡಿಮೆ, ಅಳಿವೆ ಕೆಟ್ಟಿರುವುದೂ ಆಗಲೇ. ಅಂಥ ಒಂದು ಬೆಳಿಗ್ಗೆ ದೋಣಿ ಮಗುಚಿತು. ಈಜಿನಲ್ಲಿ ಅವನನ್ನು ಮೀರಿಸುವವರು ನಮ್ಮ ತರಗತಿಯಲ್ಲಿ ಇರಲಿಲ್ಲ. ಅವನ ಜಾಕೆಟ್ ಮನೆಯ ಜಂತಿಗೆ ತೂಗಿತ್ತು.

ಹೆದರಿಕೆಗೆ ಹಾಕಿಕೊಳ್ಳುವುದಿಲ್ಲ ಎಂದು ನಮ್ಮವರನ್ನು ಬೈಯುವುದು ಸುಲಭ. ಕಾರಣ ಬೇರೆ ಇದೆ. ದಪ್ಪ ಜಾಕೆಟ್ ಹಾಕಿ ಬಲೆ ಎಳೆಯಲು ಬರುವುದಿಲ್ಲ, ಕಂಕುಳಲ್ಲಿ ಉಜ್ಜುತ್ತದೆ, ಸೆಕೆ ಬೇರೆ. ಅಲಾಸ್ಕದಲ್ಲಿ ನಾನು ಹಾಕಿದ್ದು ಹುಟ್ಟು ಹಾಕುವವರಿಗಾಗಿ ಹೊಲಿದದ್ದು: ತೋಳಿನ ಜಾಗ ಅಗಲ, ಎದೆಯ ಹತ್ತಿರ ತೆಳು.

ಈ ಸಲ ಬರುವಾಗ ಅಂಥ ಎರಡು ತಂದೆ. ಮೊದಲ ದಿನ ಅಪ್ಪ ಮುಟ್ಟಲಿಲ್ಲ. ಮೂರನೆಯ ದಿನ ಯಾರೂ ಇಲ್ಲದಾಗ ಹಾಕಿಕೊಂಡು ಹೋಗಿ ಬಂದು, ‘ಕೈ ಆಡ್ತದೆ. ಆದ್ರೆ ಎದುರಿನ ಬಕಲಿಗೆ ಬಲೆ ಸಿಕ್ತದೆ’ ಎಂದರು. ಬಕಲನ್ನು ಬದಿಗೆ ಹಾಕಿಸಲು ಪೇಟೆಯ ಟೈಲರಿಗೆ ಕೊಟ್ಟಿದ್ದೇನೆ. ಇನ್ನೊಂದು ನಮ್ಮ ಮನೆಯ ಜಗಲಿಯಲ್ಲಿದೆ. ನಿನ್ನೆ ಸಂಜೆ ಒಂಬತ್ತನೆಯ ತರಗತಿಯ ಮೂವರು ಬಂದು ಹಾಕಿ ನೋಡಿದರು. ಉಳಿದವರೂ ಬನ್ನಿ. ನಾನು ಭಾನುವಾರದವರೆಗೆ ಊರಲ್ಲೇ ಇರುತ್ತೇನೆ.